ಮುರಿದ ಕೊಂಡಿಯ ಸಾಕ್ಷಿಗೂ ಗಡಿ ಉಂಟೇ?

ಗೋವೆಯ ಪೇಟೆಯಲ್ಲಿ ರಾತ್ರಿ ಯಾರದಾದರೂ ಅಂಗಡಿ ಒಡೆದರೆ, ಬೆಳಿಗ್ಗೆ ಪೊಲೀಸರಿಗಿಂತ ಮೊದಲು ವೆಲ್ಡಿಂಗಿನವನಿಗೆ ಕರೆ ಹೋಗುತ್ತದೆ. ಹೀಗೆ ಮಾಡಬಾರದು ಅಂತ ದೂರ ಕೂತು ಹೇಳುವುದು ಸುಲಭ. ಮಡಗಾಂವದಲ್ಲೋ ಮಾಪ್ಸಾದಲ್ಲೋ ಕಾಯಿಪಲ್ಲೆ, ಕಿರಾಣಿ ಇಟ್ಟುಕೊಂಡು ಕೂತವನಿಗೆ ಶಟರ್ ಇನ್ನೊಂದು ರಾತ್ರಿ ಹಾಗೇ ಬಿದ್ದಿದ್ದರೆ ಉಳಿದದ್ದೂ ಹೋದೀತೆಂಬ ಭಯ. ಹಾಗಾಗಿ ಪಂಚನಾಮೆ ಮುಗಿಯುವುದೇ ತಡ, ಕೆಲವು ಸಲ ಅದಕ್ಕೂ ಮೊದಲೇ, ಬಗ್ಗಿದ ಪಟ್ಟಿಯನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಮುರಿದ ಕೊಂಡಿಯನ್ನು ಕಿತ್ತು ಗುಜರಿಗೆ ಎಸೆದು, ಹೊಸದನ್ನು ಬೆಸೆದುಬಿಡುತ್ತಾರೆ. ಗುಜರಿಗೆ ಹೋದ ಆ ಕೊಂಡಿಯ ಮೇಲೆ ಕಳ್ಳನ ಹಾರೆ ತನ್ನ ರುಜು ಹಾಕಿ ಹೋಗಿತ್ತು ಎಂಬುದು ಯಾರ ತಲೆಗೂ ಬರುವುದಿಲ್ಲ. ಅಂಗಡಿಯವನ ತಲೆಗೆ ಬರದಿದ್ದರೆ ಕ್ಷಮಿಸೋಣ. ಎಷ್ಟೋ ಸಲ ಠಾಣೆಯಿಂದ ಬಂದವರ ತಲೆಗೂ ಬರುವುದಿಲ್ಲ, ಅದು ಮಾತ್ರ ಕ್ಷಮಿಸುವ ಸಂಗತಿಯಲ್ಲ.

ಆ ಗುರುತು ಹೋದ ಮೇಲೆ ಉಳಿಯುವುದು ಏನು? ಅನುಮಾನ. ಅನುಮಾನಕ್ಕೆ ಗೋವೆಯಲ್ಲಿ ಒಂದು ಗೊತ್ತಾದ ದಾರಿ ಇದೆ, ಅದು ನೇರ ಘಟ್ಟದ ಮೇಲಿನಿಂದ ಬಂದವರ ಖೋಲಿಗೆ ಹೋಗುತ್ತದೆ. ವಾಸ್ಕೊದ ಬೈನಾ, ಜುವಾರಿನಗರ, ಫೋಂಡಾದ ಬಾಡಿಗೆ ಮನೆಗಳು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಗೌಂಡಿ ಕೆಲಸಕ್ಕೆ, ಹಮಾಲಿಗೆ ಬಂದ ಹುಡುಗರು. ‘ಘಾಂಟಿ’ ಅಂತ ಒಂದು ಮಾತಿದೆ ಅಲ್ಲಿ, ಕೇಳಿದವರಿಗೆ ಗೊತ್ತು ಅದರ ಚುಚ್ಚು. ಗೋವೆಯ ಜನರೆಲ್ಲ ಹಾಗೆ ಅನ್ನುತ್ತಾರೆ ಅಂತ ನಾನು ಹೇಳುವುದಿಲ್ಲ. ನಮ್ಮವರ ಎಷ್ಟೋ ಅಂಗಡಿಗಳಿಗೆ ಜಾಮೀನು ನಿಂತವರು, ಮಕ್ಕಳಿಗೆ ಶಾಲೆಯಲ್ಲಿ ಸೀಟು ಕೊಡಿಸಿದವರು ಗೋವೆಯವರೇ. ಆದರೆ ಕಳ್ಳತನವಾದ ಮರುದಿನ ಬೆಳಿಗ್ಗೆ ಯಾರನ್ನು ಜೀಪಿಗೆ ಹತ್ತಿಸುತ್ತಾರೆ ಅನ್ನುವುದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಚಾರ. ಹುಡುಗ ಎರಡು ದಿನ ಕೂತು ಬರುತ್ತಾನೆ, ಎರಡು ದಿನದ ಪಗಾರ ಹೋಗುತ್ತದೆ, ಖೋಲಿ ಖಾಲಿ ಮಾಡು ಅಂತ ಮಾಲೀಕ ಹೇಳುತ್ತಾನೆ. ಕಳುವಾದ ಮಾಲೂ ಬರುವುದಿಲ್ಲ.

ಅದಕ್ಕೇ ಈ ಲೇಖನ. ವಿಷಯ ಕೇಳಿದರೆ ಓದುಗರು ನಗಬಹುದು: ಪುಟ್ಟಿ. ನಮ್ಮ ಕಡೆ ಪುಟ್ಟಿ ಅಂದರೆ ಬುಟ್ಟಿ ಅಂತಲೂ ಅರ್ಥ, ಅದಲ್ಲ. ಕಿಟಕಿಯ ಗಾಜು ಕೂರಿಸಲು ಬಡಿಗ ಹಚ್ಚುತ್ತಾನಲ್ಲ, ಆ ಜಾತಿಯ ಮೆತ್ತನೆ ಹಿಟ್ಟು, ಆದರೆ ಸಿಲಿಕೋನಿನದು. ಒತ್ತಿ ಹಿಡಿದರೆ ಅಚ್ಚು ತೆಗೆಯುತ್ತದೆ, ಕೆಲವು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಹಲ್ಲಿನ ಡಾಕ್ಟರರ ಹತ್ತಿರ ದವಡೆಯ ಅಳತೆ ಕೊಟ್ಟವರು ಇದನ್ನು ಬಾಯಲ್ಲೇ ಕಂಡಿದ್ದಾರೆ. ಬೆಳಗಾವಿ, ಕಾರವಾರ, ಮಡಗಾಂವ ಎಲ್ಲ ಕಡೆ ಹಲ್ಲಿನ ದವಾಖಾನೆಗೆ ಸಾಮಾನು ಒದಗಿಸುವವರಲ್ಲಿ ಇದು ಸಿಗುವ ಮಾಲು. ಅಂದರೆ ಹೊರದೇಶದಿಂದ ತರಿಸಬೇಕಾದ ಯಂತ್ರದ ಮಾತು ನಾನು ಆಡುತ್ತಿಲ್ಲ.

ಹತಾರ ಗುರುತು ಬಿಡುತ್ತದೆ ಎಂಬುದನ್ನು ರೈತನಿಗೆ ಹೇಳಿಕೊಡಬೇಕಿಲ್ಲ. ಕಬ್ಬು ಕಡಿದ ಕೂಳೆ ನೋಡಿ ಯಾರ ಕೊಯ್ತಾ ಮೊಂಡಾಗಿತ್ತು ಅಂತ ಹೇಳುವವರು ನಮ್ಮಲ್ಲಿದ್ದಾರೆ. ಕುಡಗೋಲಿನ ಬಾಯಿಗೆ ಒಂದು ಕಡೆ ಕಲ್ಲು ತಾಗಿ ಸಣ್ಣ ಹಲ್ಲು ಮುರಿದಿದ್ದರೆ, ಅದು ಹಸಿ ಕಟ್ಟಿಗೆಯ ಮೇಲೆ ಎಳೆದಾಗೆಲ್ಲ ಒಂದೇ ಗೆರೆ ಮೂಡುತ್ತದೆ. ಕಬ್ಬಿಣದ ಮೇಲೂ ಅದೇ ಕಥೆ, ಗೆರೆ ಮಾತ್ರ ಕೂದಲಿಗಿಂತ ಸಣ್ಣದು. ಹಾರೆಯ ತುದಿಯನ್ನು ಕೊಂಡಿಯ ಸಂದಿಗೆ ತೂರಿಸಿ ಮೀಟಿದಾಗ ಎರಡು ಬಗೆಯ ಗುರುತು ಬೀಳುತ್ತವೆ. ಒತ್ತಿದಲ್ಲಿ ತಗ್ಗು, ಜಾರಿದಲ್ಲಿ ಗೀರು. ತಗ್ಗಿನ ಅಗಲ ಅಳೆದರೆ ಇಂಥ ಅಳತೆಯ ತುದಿ ಅಂತ ಗೊತ್ತಾಗುತ್ತದೆ. ಅದು ಪೇಟೆಯ ನೂರು ಹಾರೆಗೂ ಹೊಂದಬಹುದು. ಗೀರಿನೊಳಗಿನ ಸಣ್ಣ ಗೆರೆಗಳು ಹಾಗಲ್ಲ. ಸಾಣೆ ಹಿಡಿಯುವಾಗ, ಕಲ್ಲಿಗೆ ತಾಗಿದಾಗ, ತುಕ್ಕು ತಿಂದಾಗ ಆ ತುದಿಗೆ ಬಂದ ಏರು-ತಗ್ಗುಗಳ ಪಡಿಯಚ್ಚು ಅವು.

1932ರಲ್ಲಿ ಅಮೆರಿಕದ ಹೆಸರಾಂತ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಕೂಸನ್ನು ಅಪಹರಿಸಿ ಕೊಂದ ಪ್ರಕರಣ ಆ ದೇಶವನ್ನೇ ಅಲ್ಲಾಡಿಸಿತ್ತು. ಮನೆಯ ಹೊರಗೆ ಸಿಕ್ಕಿದ್ದು ಕೈಯಿಂದ ಮಾಡಿದ ಒಂದು ಕಟ್ಟಿಗೆ ಏಣಿ. ಸರಕಾರಿ ಕಟ್ಟಿಗೆ ತಜ್ಞ ಆರ್ಥರ್ ಕೋಹ್ಲರ್ ಅದರ ಮೇಲಿನ ಯಂತ್ರದ ಉಜ್ಜುಗೊರಡಿನ ಗೆರೆ ಹಿಡಿದು, ಆ ಹಲಗೆ ಯಾವ ಮಿಲ್ಲಿನಿಂದ ಹೊರಟು ಯಾವ ಕಟ್ಟಿಗೆ ಅಡ್ಡೆಗೆ ಬಂತು ಅಂತ ಹುಡುಕುತ್ತ ಹೋದ. 1935ರ ವಿಚಾರಣೆಯಲ್ಲಿ, ಏಣಿಯ ಮೇಲಿದ್ದ ಕೈಗೊರಡಿನ ಗೆರೆಗಳು ಆರೋಪಿಯ ಮನೆಯಲ್ಲಿ ಸಿಕ್ಕ ಉಜ್ಜುಗೊರಡಿನ ಗೆರೆಗಳಿಗೆ ಹೊಂದುತ್ತವೆ ಅಂತ ಸಾಕ್ಷಿ ನುಡಿದ. ಆ ಮೊಕದ್ದಮೆಯ ಬಗ್ಗೆ ತಕರಾರು ಇವತ್ತಿಗೂ ಮುಗಿದಿಲ್ಲ. ಆದರೆ ಗೊರಡು ಮಾತಾಡುತ್ತದೆ ಎಂಬುದನ್ನು ಯಾವ ಬಡಿಗನೂ ಅಲ್ಲಗಳೆಯಲಾರ.

ಇನ್ನು ಪುಟ್ಟಿಯ ಕೆಲಸ. ಎರಡು ಡಬ್ಬಿ, ಎರಡು ಬಣ್ಣ. ಎರಡರಿಂದಲೂ ಸಮ ಉಂಡೆ ತೆಗೆದು ರೊಟ್ಟಿ ಹಿಟ್ಟಿನಂತೆ ನಾದಬೇಕು. ಬಣ್ಣದ ಗೆರೆ ಉಳಿಯದೆ ಒಂದೇ ಬಣ್ಣ ಆಗುವವರೆಗೆ ಮಾತ್ರ, ಅರ್ಧ ನಿಮಿಷ ಸಾಕು. ಹೆಚ್ಚು ನಾದುತ್ತ ಕೂತರೆ ಕೈಯಲ್ಲೇ ಬಿಗಿಯುತ್ತದೆ. ಏಪ್ರಿಲ್-ಮೇ ತಿಂಗಳ ಗೋವೆಯ ಸೆಕೆಯಲ್ಲಂತೂ ಇನ್ನೂ ಬೇಗ. ಉಂಡೆಯನ್ನು ಗುರುತಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ನಡುವೆ ಗಾಳಿ ಸಿಕ್ಕದಂತೆ ಒತ್ತುತ್ತ ಹೋಗಬೇಕು. ಗಟ್ಟಿಯಾದ ಮೇಲೆ ಒಂದೇ ಸಲ ಎತ್ತಿದರೆ ಅಚ್ಚು ಕೈಗೆ ಬಂತು. ಒಂದು ವಿಚಿತ್ರ ಸಂಗತಿ: ಡಾಕ್ಟರರು ಹಾಕುವ ಸಾಮಾನ್ಯ ಲೇಟೆಕ್ಸ್ ರಬ್ಬರಿನ ಕೈಚೀಲ ಹಾಕಿ ಈ ಬಗೆಯ ಪುಟ್ಟಿ ನಾದಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ರಬ್ಬರಿನಲ್ಲಿರುವ ಗಂಧಕ ಅದನ್ನು ಕೆಡಿಸುತ್ತದೆ. ನೈಟ್ರೈಲ್ ಅಥವಾ ವಿನೈಲ್ ಕೈಚೀಲ ಬೇಕು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದ್ದಕ್ಕೆ ಅಚ್ಚು ಅಂಟಂಟಾಗಿ ಗುರುತೇ ಹೊಲಸಾಗುವುದುಂಟು.

ಪುಟ್ಟಿಗೇ ಎಲ್ಲ ಕೆಲಸವೂ ಬರುವುದಿಲ್ಲ. ಮಣ್ಣಿನಲ್ಲಿನ ಬೂಟಿನ ಗುರುತು, ಟೈರಿನ ಗುರುತಿಗೆ ಗಿಲಾವಿನ ಪುಡಿಯೇ ಆಗಬೇಕು. ಆಳವಾದ ಇಕ್ಕಟ್ಟಿನ ಗೀರಿಗೆ ಟ್ಯೂಬಿನಿಂದ ಹಿಂಡುವ ತೆಳು ಸಿಲಿಕೋನ್ ಒಳ್ಳೆಯದು. ನಿಜ ಹೇಳಬೇಕೆಂದರೆ, ಮುರಿದ ಕೊಂಡಿಯನ್ನೇ ಬಿಚ್ಚಿ ಲಕೋಟೆಗೆ ಹಾಕಿ ಸೀಲು ಮಾಡಿ ಒಯ್ಯಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಬಾಗಿಲ ಚೌಕಟ್ಟು, ಬ್ಯಾಂಕಿನ ತಿಜೋರಿ, ಶಟರಿನ ಕಂಬ ಇಂಥವನ್ನು ಹೊತ್ತೊಯ್ಯಲಾಗದಲ್ಲ, ಅಲ್ಲಿ ಪುಟ್ಟಿ. ಅದಕ್ಕೂ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಹಾರೆಯಿಂದ ಅಂಟಿದ ಬಣ್ಣದ ಚಕ್ಕೆ, ಕಬ್ಬಿಣದ ಪುಡಿ ಇದ್ದರೆ ಅದನ್ನು ಬೇರೆ ತೆಗೆದಿಡಬೇಕು, ಪುಟ್ಟಿ ಒತ್ತಿದರೆ ಅದು ಅಚ್ಚಿನ ಜೊತೆ ಎದ್ದುಹೋಗುತ್ತದೆ. ಇನ್ನೊಂದು ಮಾತಂತೂ ಕಲ್ಲಿನ ಮೇಲೆ ಕೆತ್ತಿಡಬೇಕು: ಸಂಶಯದ ಮೇಲೆ ಸಿಕ್ಕ ಹಾರೆಯನ್ನು ತಂದು ‘ಇದು ಹೊಂದುತ್ತದೋ ನೋಡೋಣ’ ಅಂತ ಆ ಗುರುತಿನೊಳಗೆ ಇಟ್ಟು ನೋಡಬಾರದು. ಒಮ್ಮೆ ಇಟ್ಟರೆ ಹಳೆಯ ಗುರುತೂ ಹೋಯಿತು, ಹೊಸ ಗುರುತು ನಾವೇ ಮಾಡಿದಂತಾಯಿತು. ಪ್ರಯೋಗಾಲಯದಲ್ಲಿ ಆ ಹಾರೆಯಿಂದ ಸೀಸದ ತಗಡಿನ ಮೇಲೆ ಹೊಸ ಗೀರು ಹಾಕಿ, ಅದರದೂ ಅಚ್ಚು ತೆಗೆದು, ಎರಡೂ ಅಚ್ಚುಗಳನ್ನು ಜೋಡಿ ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಚ್ಚಿಗೆ ಅಚ್ಚು. ಯಾಕೆಂದರೆ ಅಚ್ಚಿನಲ್ಲಿ ತಗ್ಗು ಉಬ್ಬಾಗಿರುತ್ತದೆ, ಉಬ್ಬು ತಗ್ಗಾಗಿರುತ್ತದೆ.

ಗೋವೆಗೆ, ನಮ್ಮ ಕಾರವಾರ ಅಂಕೋಲೆಗೂ, ಇದರಲ್ಲಿ ಒಂದು ವಿಶೇಷ ಅವಸರವಿದೆ. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಮಳೆ. ಹೊಸದಾಗಿ ಗೀರಿದ ಕಬ್ಬಿಣ ಬೆಳ್ಳಗೆ ಹೊಳೆಯುವುದು ಎಷ್ಟು ಹೊತ್ತು? ಮರುದಿನಕ್ಕೆ ಕೆಂಪಡರುತ್ತದೆ. ಕೂದಲಿಗಿಂತ ಸಣ್ಣ ಗೆರೆಯನ್ನು ತುಕ್ಕು ನುಂಗಲು ಬಹಳ ದಿನ ಬೇಡ. ಬೆಂಗಳೂರಿನ ಒಣಹವೆಯಲ್ಲಿ ಒಂದು ವಾರ ಕಾಯುವ ಗುರುತು ಇಲ್ಲಿ ಕಾಯುವುದಿಲ್ಲ. ‘ತಜ್ಞರು ನಾಳೆ ಬರ್ತಾರೆ’ ಎಂಬ ಮಾತಿಗೆ ಕರಾವಳಿಯ ಮಳೆಗಾಲದಲ್ಲಿ ಅರ್ಥವೇ ಇಲ್ಲ.

ಬೆರಳಚ್ಚಿಗೂ ಈ ಪುಟ್ಟಿ ಬರುತ್ತದೆ. ಬೆರಳಚ್ಚು ಅಂದ ಕೂಡಲೆ ನಮಗೆ ನೆನಪಾಗುವುದು ಗಾಜಿನ ಮೇಲೆ ಕುಂಚದಿಂದ ಪುಡಿ ಉದುರಿಸಿ ಟೇಪಿನಿಂದ ಎತ್ತುವುದು. ನುಣುಪಾದ ಗಾಜು, ಸ್ಟೀಲಿಗೆ ಅದು ಸರಿ. ತರಿತರಿಯಾದ ಪ್ಲಾಸ್ಟಿಕ್ಕು, ದೊರಗು ಬಣ್ಣದ ತಿಜೋರಿ ಇವುಗಳ ತಗ್ಗಿಗೆ ಟೇಪು ಇಳಿಯುವುದಿಲ್ಲ. ಅಲ್ಲಿ ಪುಡಿ ಹಾಕಿದ ಮೇಲೆ ಮೆತ್ತನೆ ಸಿಲಿಕೋನ್ ಒತ್ತಿದರೆ ಪುಡಿಯ ಸಮೇತ ಅಚ್ಚು ಎದ್ದುಬರುತ್ತದೆ. ಇನ್ನೊಂದು ಬಗೆ ಇದೆ, ಮೆತ್ತಗಿರುವುದರಲ್ಲಿ ಬೆರಳು ಒತ್ತಿ ಉಳಿದ ಗುರುತು. ಸಾಬೂನು, ಮೇಣ, ಗ್ರೀಸು, ಹಸಿ ಬಣ್ಣ. ನಮ್ಮವರಿಗೆ ಹೇಳುವುದಾದರೆ ಬೆಲ್ಲದ ಪೆಂಟೆ. ಕಿಟಕಿಯ ಗಾಜು ಸದ್ದಿಲ್ಲದೆ ತೆಗೆಯಲು ಹೊಸ ಪುಟ್ಟಿಯನ್ನು ಬೆರಳಿನಿಂದ ಕೆರೆದ ಕಳ್ಳ ಆ ಪುಟ್ಟಿಯಲ್ಲೇ ತನ್ನ ಬೆರಳು ಒತ್ತಿ ಬಿಟ್ಟುಹೋಗುತ್ತಾನೆ. ಆ ಪುಟ್ಟಿಯ ಗುರುತನ್ನು ಈ ಪುಟ್ಟಿಯಿಂದ ತೆಗೆಯುವುದು. ಗೋವೆಯ ಹಳೆ ಮನೆಗಳ ಕೆಂಪುಗಲ್ಲಿನ ಬರೀ ಗೋಡೆಯಲ್ಲಿ ಮಾತ್ರ ಬೆರಳಚ್ಚು ಹುಡುಕಿ ಫಲ ಕಡಿಮೆ, ಅಷ್ಟೊಂದು ರಂಧ್ರ ಅದಕ್ಕೆ.

ಬೆರಳಚ್ಚಿನ ವಿದ್ಯೆ ನಮಗೆ ಹೊರಗಿನದಲ್ಲ. ಅಪರಾಧ ತನಿಖೆಗೆ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆದದ್ದು 1897ರಲ್ಲಿ ಕಲ್ಕತ್ತೆಯಲ್ಲಿ. ಬೆರಳಚ್ಚನ್ನು ವರ್ಗ ಮಾಡಿ ಜೋಡಿಸಿಡುವ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು. ಹೆಸರು ಮಾತ್ರ ಸಾಹೇಬ ಎಡ್ವರ್ಡ್ ಹೆನ್ರಿಗೆ ಹೋಯಿತು, ಹಾಗೆ ಹೋಗುವುದು ರೂಢಿಯಲ್ಲವೇ. 1898ರಲ್ಲಿ ಜಲ್ಪಾಯ್‌ಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾದಾಗ ಒಂದು ಬಂಗಾಳಿ ಪಂಚಾಂಗದ ಮೇಲೆ ಹೆಬ್ಬೆರಳಿನ ಗುರುತು ಸಿಕ್ಕಿತು. ಅದು ಹಳೆಯ ನೌಕರನದು ಅಂತ ಗೊತ್ತಾಯಿತು. ನ್ಯಾಯಾಲಯ ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳು ಅಲ್ಲಿತ್ತು ಎಂಬುದು ಕೊಂದದ್ದಕ್ಕೆ ರುಜುವಾತು ಆಗದು ಅಂತ. ಆ ಕಾಲಕ್ಕೇ ಇಷ್ಟು ವಿವೇಕ ಇತ್ತು.

ಈಗಿನ ಕಳ್ಳರು ಕೈಚೀಲ ಹಾಕಿಕೊಂಡೇ ಬರುತ್ತಾರೆ, ಮತ್ತೇನು ಬೆರಳಚ್ಚು ಅಂತ ಕೇಳುವವರುಂಟು. ಮಾತು ಸರಿ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಕಿಟಕಿಯ ಗ್ರಿಲ್ ತೆಗೆದು ಒಳಗೆ ಇಳಿದರು, ತಿಜೋರಿ ಕತ್ತರಿಸಿದರು, ಅಡವಿಟ್ಟಿದ್ದ 17.7 ಕಿಲೋ ಬಂಗಾರ ಒಯ್ದರು, ನಾಯಿಗೆ ವಾಸನೆ ಸಿಕ್ಕಬಾರದೆಂದು ಖಾರದ ಪುಡಿ ಎರಚಿದರು, ಕ್ಯಾಮೆರಾದ ಪೆಟ್ಟಿಗೆಯನ್ನೂ ಕಿತ್ತುಕೊಂಡು ಹೋದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ 2025ರ ಮಾರ್ಚಿನಲ್ಲಿ ಹಿಡಿದರು. ಬಂಗಾರದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಮದುರೆ ಕಡೆಯ ಬಾವಿಯಲ್ಲಿ. ಅದು ಯಾರ ಬಂಗಾರ? ಬಿತ್ತನೆಗೆ, ಮಗಳ ಮದುವೆಗೆ ಅಂತ ರೈತರು ಇಟ್ಟ ತಾಳಿ, ಬಳೆ. ಅಷ್ಟು ಹುಷಾರಿನ ಕಳ್ಳರೂ ಬೆರಳು ಮುಚ್ಚಬಹುದು, ಹತಾರಕ್ಕೆ ಕೈಚೀಲ ಹಾಕಲಾರರು. ಗ್ಯಾಸ್ ಕಟ್ಟರ್ ಬಳಸಿದಲ್ಲಿ ಕಬ್ಬಿಣ ಕರಗಿ ಗೆರೆ ಉಳಿಯುವುದಿಲ್ಲ, ಅದು ಖರೆ. ಗ್ರಿಲ್ ಮೀಟಿದಲ್ಲಿ, ಕೊಂಡಿ ಕತ್ತರಿಸಿದಲ್ಲಿ ಉಳಿಯುತ್ತದೆ.

ಹತಾರದ ಗುರುತಿಗೆ ಜಿಲ್ಲೆಯ ಹದ್ದು, ರಾಜ್ಯದ ಹದ್ದು ಗೊತ್ತಿಲ್ಲ. ಇದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ನೋವಿನದು. ಬಂದೂಕು ಕೂಡ ಒಂದು ಹತಾರ; ಅದರ ಸೂಜಿ ತೋಟಾದ ತಳಕ್ಕೆ ಬಡಿದಾಗ ಬೀಳುವ ಗುರುತೂ ಹತಾರದ ಗುರುತೇ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ, ಎರಡೂ ಕಡೆ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನದ ವರದಿಯ ಆಧಾರದಲ್ಲಿ ಕರ್ನಾಟಕದ ತನಿಖಾ ದಳ ಕೋರ್ಟಿಗೆ ಹೇಳಿತು. 2015ರ ಫೆಬ್ರವರಿಯಲ್ಲಿ ಗಡಿಯಾಚೆ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ ಅವರ ಮೇಲೆ ನಡೆದ ಗುಂಡಿನ ದಾಳಿಯ ಜೊತೆಗೂ ಅದೇ ಬಗೆಯ ಹೋಲಿಕೆ ಬಂತು. ಮೂರು ಊರು, ಎರಡು ರಾಜ್ಯ, ಒಂದು ಸೂಜಿಯ ಗುರುತು.

ಆದರೆ ಇದೇ ಸರಣಿಯಲ್ಲಿ ಇನ್ನೊಂದು ಪಾಠವೂ ಇದೆ. ತೋಟಾಗಳ ಬಗ್ಗೆ ಬೆಂಗಳೂರಿನ ಪ್ರಯೋಗಾಲಯ ಒಂದು ಹೇಳಿದರೆ ಮುಂಬೈಯದು ಇನ್ನೊಂದು ಹೇಳಿತೆಂದು, ಸ್ಕಾಟ್ಲೆಂಡ್ ಯಾರ್ಡಿನ ಅಭಿಪ್ರಾಯ ಕೇಳಲು ಸಿಬಿಐ 2016ರಲ್ಲಿ ಹೊರಟಿತ್ತು. ಒಂದೇ ಮಾಲು, ಇಬ್ಬರು ಸರಕಾರಿ ತಜ್ಞರು, ಎರಡು ಮಾತು. ಗಡಿಯಲ್ಲಿ ಬದುಕುವ ನಮಗೆ ಇದು ಹೊಸದೆನಿಸುವುದಿಲ್ಲ, ಆದರೆ ವಿಜ್ಞಾನಕ್ಕೂ ಹೀಗಾದರೆ ಹೇಗೆ?

ಹೀಗಾಗಿ ಪುಟ್ಟಿ ಬಂದರೆ ಎಲ್ಲ ಬಗೆಹರಿಯಿತು ಅಂತ ನಾನು ಬರೆಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರಲ್ಲಿ ದೊಡ್ಡ ವರದಿ ಕೊಟ್ಟು, ಹತಾರದ ಗುರುತಿನ ಹೋಲಿಕೆಗೆ ಗಟ್ಟಿ ಲೆಕ್ಕದ ಬುನಾದಿ ಇನ್ನೂ ಸಾಲದು, ಅದು ಬಹುಮಟ್ಟಿಗೆ ನೋಡುವವನ ಕಣ್ಣಿನ ಮೇಲೆ ನಿಂತಿದೆ ಅಂತ ಹೇಳಿತು. 2016ರಲ್ಲಿ ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಬಂದೂಕಿನ ಗುರುತಿನ ಹೋಲಿಕೆಯನ್ನು ಮತ್ತೆ ಹಾಗೇ ಪ್ರಶ್ನಿಸಿತು. ಬೆರಳಚ್ಚೂ ಹೊರತಲ್ಲ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ಚೀಲದ ಮೇಲಿನ ಬೆರಳಚ್ಚು ಅಮೆರಿಕದ ಒರೆಗಾನಿನ ಒಬ್ಬ ವಕೀಲನದೇ ಅಂತ ಎಫ್‌ಬಿಐ ತಜ್ಞರು ಖಚಿತ ಮಾಡಿ ಅವನನ್ನು ಬಂಧಿಸಿದರು. ಸ್ಪೇನಿನವರು ಅದು ಬೇರೆಯವನದು ಅಂತ ತೋರಿಸಿದ ಮೇಲೆ ಬಿಟ್ಟರು. ನಮ್ಮ ಸುಪ್ರೀಂ ಕೋರ್ಟು ಕೂಡ ಎಪ್ಪತ್ತರ ದಶಕದಷ್ಟು ಹಿಂದೆಯೇ, ಉತ್ತರ ಪ್ರದೇಶದ ಮಹಮೂದ್ ಪ್ರಕರಣದಲ್ಲಿ, ಕಾರಣ ಕೊಡದ ಬೆರಳಚ್ಚು ತಜ್ಞನ ಬರೀ ಅಭಿಪ್ರಾಯದ ಮೇಲೆ ಶಿಕ್ಷೆ ನಿಲ್ಲದು ಅಂದಿದೆ.

ನನ್ನ ವಾದ ಇರುವುದು ಇಲ್ಲೇ. ಹಾರೆಯ ಗುರುತು ಒಬ್ಬನನ್ನು ನೇಣಿಗೆ ಹಾಕಲು ಸಾಲದಿರಬಹುದು. ಒಬ್ಬನನ್ನು ಬಿಡಿಸಲು ಸಾಕು. ಕೊಂಡಿಯ ಮೇಲಿನ ತಗ್ಗು ಒಂದು ಇಂಚಿನದು, ಹುಡುಗನ ಖೋಲಿಯಲ್ಲಿ ಸಿಕ್ಕ ಹಾರೆಯ ತುದಿ ಒಂದೂವರೆ ಇಂಚಿನದು ಅಂದರೆ ಅದಕ್ಕೆ ದೊಡ್ಡ ತಜ್ಞ ಬೇಕಾಗಿಲ್ಲ, ಅಳತೆಪಟ್ಟಿ ಸಾಕು. ಗೌಂಡಿಯ ಖೋಲಿಯಲ್ಲಿ ಹಾರೆ, ಉಳಿ, ಪಕ್ಕಡ ಇರದೆ ಮತ್ತೇನು ಇರುತ್ತದೆ? ದುಡಿಯುವವನ ಹತಾರವೇ ಅವನ ಮೇಲಿನ ಅನುಮಾನಕ್ಕೆ ಕಾರಣವಾಗುವ ಊರಿನಲ್ಲಿ, ಗುರುತಿನ ಅಚ್ಚು ತೆಗೆದಿಡುವುದು ಅವನ ಪಾಲಿಗೆ ವಕೀಲನನ್ನು ಇಟ್ಟಂತೆ. ಕೊಂಕಣಿ ಬರುತ್ತದೋ ಕನ್ನಡವೋ ಅಂತ ಅದು ಕೇಳುವುದಿಲ್ಲ.

ಅಚ್ಚು ತೆಗೆದ ಮೇಲೆ ಅದನ್ನು ಕಾಯುವುದು ಬೇರೆಯೇ ಕೆಲಸ. ಪುಟ್ಟಿ ಎರಡೂ ಕಡೆ ಕೊಯ್ಯುವ ಗರಗಸ. ಜಪಾನಿನ ತ್ಸುತೊಮು ಮತ್ಸುಮೊಟೊ ಎಂಬ ವಿಜ್ಞಾನಿ 2002ರಲ್ಲಿ ಜಿಲೆಟಿನ್ ಬೆರಳು ಮಾಡಿ ಬೆರಳಚ್ಚು ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. ನಮ್ಮ ಮಂಗಳೂರಿನಲ್ಲಿ 2023ರಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಜನರ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಮಾಯವಾದಾಗ ಈ ಮಾತು ಹೊಲಮನೆಯವರಿಗೂ ತಟ್ಟಿತು. ನೋಂದಣಿ ಪತ್ರದ ಮೇಲಿನ ಹೆಬ್ಬೆಟ್ಟನ್ನು ಕಾವೇರಿ ಜಾಲತಾಣದಿಂದ ಇಳಿಸಿಕೊಂಡು ನಕಲು ಮಾಡಿದ್ದಾರೆಂದು ಬಿಹಾರದಿಂದ ಕೆಲವರನ್ನು ಮಂಗಳೂರು ಪೊಲೀಸರು ಹಿಡಿದು ತಂದರು. (ಆಧಾರ್ ಬೆರಳಚ್ಚನ್ನು ಬೀಗ ಹಾಕಿಡುವ ಸೌಲಭ್ಯ ಇದೆ, ಹಾಕದವರು ಹಾಕಿಕೊಳ್ಳಿ.) ಒಬ್ಬನ ಬೆರಳು ಅವನಿಲ್ಲದೆಯೂ ತಯಾರಾಗುತ್ತದೆ ಅಂದಮೇಲೆ, ಠಾಣೆಯ ಕಪಾಟಿನಲ್ಲಿ ಸೀಲಿಲ್ಲದೆ ಬಿದ್ದ ಅಚ್ಚಿಗೆ ಏನು ಬೆಲೆ? 1997ರಲ್ಲಿ ರಾಜಸ್ತಾನದ ಮಹಮ್ಮದ್ ಅಮಾನ್ ಪ್ರಕರಣದಲ್ಲಿ ಹಿತ್ತಾಳೆ ಜಗ್ಗಿನ ಮೇಲೆ ಬೆರಳಚ್ಚು ಸಿಕ್ಕಿದ್ದರೂ, ನಡುವೆ ಯಾರೂ ಕೈಯಾಡಿಸಲಿಲ್ಲ ಎಂಬ ಭರವಸೆ ಇಲ್ಲವೆಂದು ಸುಪ್ರೀಂ ಕೋರ್ಟು ಅದನ್ನು ನಂಬಲಿಲ್ಲ. ಆರೋಪಿಯ ನಮೂನೆ ಬೆರಳಚ್ಚನ್ನು ಮ್ಯಾಜಿಸ್ಟ್ರೇಟರ ಮುಂದೆ ತೆಗೆದುಕೊಳ್ಳುವುದು ಒಳಿತು ಅಂತಲೂ ಹೇಳಿತು. 2014ರಲ್ಲಿ ಕರ್ನಾಟಕದ್ದೇ ಆದ ಪ್ರಕಾಶ್ ಪ್ರಕರಣದಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂತು.

ಈಗ ಕಾನೂನಿನ ಕಡೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 176ನೇ ಕಲಮಿನ 3ನೇ ಉಪಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞ ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು ಅನ್ನುತ್ತದೆ. ಯಾವತ್ತಿನಿಂದ ಎಂಬುದನ್ನು ರಾಜ್ಯಗಳು ಐದು ವರ್ಷದೊಳಗೆ ಅಧಿಸೂಚಿಸಬೇಕು. ಏಳು ವರ್ಷ ಅಂದ ಕೂಡಲೆ ಕೊಲೆ, ದರೋಡೆ ಅಂತ ತಿಳಿಯಬೇಡಿ. ನ್ಯಾಯ ಸಂಹಿತೆಯ 305ನೇ ಕಲಮಿನಡಿ ವಾಸದ ಮನೆಯಲ್ಲಿ, ಮಾಲು ಇಡುವ ಕಟ್ಟಡದಲ್ಲಿ ಆದ ಕಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಲಾರಿಯಿಂದ ಮಾಲು ಕದ್ದರೂ ಅಷ್ಟೇ, ಗುಡಿಯ ಮೂರ್ತಿ ಕದ್ದರೂ ಅಷ್ಟೇ. ರಾತ್ರಿ ಕನ್ನ ಹಾಕಿ ಕದಿಯಲು ಹೊಕ್ಕರೆ 331ನೇ ಕಲಮಿನಡಿ ಹದಿನಾಲ್ಕು ವರ್ಷದವರೆಗೂ ಹೋಗಬಹುದು. ಅಂದರೆ ನಿಮ್ಮ ಗೋದಾಮು, ನಿಮ್ಮ ಗಾಡೊ, ಚೋರ್ಲಾ ಘಾಟಿನಲ್ಲಿ ನಿಲ್ಲಿಸಿದ ನಿಮ್ಮ ಟೊಮೆಟೊ ಲಾರಿ ಎಲ್ಲ ಇದರೊಳಗೆ ಬಂತು.

ಅದೇ ಕಲಮಿನಲ್ಲಿ ಗಡಿಯ ಜನ ಓದಬೇಕಾದ ಇನ್ನೊಂದು ಸಾಲಿದೆ. ಒಂದು ರಾಜ್ಯದಲ್ಲಿ ಅಂಥ ಸೌಲಭ್ಯ ಇಲ್ಲದಿದ್ದರೆ, ಅದು ಆಗುವವರೆಗೆ ಬೇರೆ ರಾಜ್ಯದ ಸೌಲಭ್ಯ ಬಳಸಿಕೊಳ್ಳಲು ಅಧಿಸೂಚನೆ ಹೊರಡಿಸಬೇಕು. ಗೋವೆಯ ಮಾಲು ಹಿಂದೆ ಹೊರ ರಾಜ್ಯದ ಪ್ರಯೋಗಾಲಯಗಳಿಗೆ ಹೋಗುತ್ತಿತ್ತು. ಈಗ ವೆರ್ಣಾದಲ್ಲಿ ಅವರದೇ ಪ್ರಯೋಗಾಲಯ ಇದೆ, ಫೋಂಡಾದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೂ ಇದೆ. ನಮ್ಮಲ್ಲಿ ಬೆಂಗಳೂರಿನ ಮಡಿವಾಳದ್ದು ದೊಡ್ಡದು, ಬೆಳಗಾವಿ, ಮಂಗಳೂರುಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ನಕಾಶೆ ಬಿಚ್ಚಿ ನೋಡಿ. ಕಾರವಾರದಿಂದ ಪೋಳೆಂ ದಾಟಿ ಕಾಣಕೋಣ, ಮಡಗಾಂವ ಹಾಯ್ದು ವೆರ್ಣಾಕ್ಕೆ ಹೋಗುವುದು ಬೆಳಗಾವಿಗೆ ಹೋಗುವುದಕ್ಕಿಂತ ಹತ್ತಿರ, ಮಂಗಳೂರಿಗಂತೂ ಬಹಳ ಹತ್ತಿರ. ಕಾರವಾರದ ಅಂಗಡಿಯ ಕೊಂಡಿ ತುಕ್ಕು ಹಿಡಿಯುವ ಮೊದಲು ಹೋಗಬಹುದಾದ ಸೂಕ್ಷ್ಮದರ್ಶಕ ಗಡಿಯಾಚೆ ಇದ್ದರೆ, ಹೋಗಬಾರದೇಕೆ? ಮೀನು ಹೋಗುತ್ತದೆ, ಕಾಯಿಪಲ್ಲೆ ಹೋಗುತ್ತದೆ, ಕಳ್ಳನೂ ಹೋಗುತ್ತಾನೆ.

ಬೆರಳಚ್ಚಿಗೆ 2022ರಲ್ಲಿ ಇಡೀ ದೇಶಕ್ಕೆ ಒಂದೇ ಕಡತ ಆಗಿದೆ, ನಾಫಿಸ್ ಅಂತ ಹೆಸರು. ಕಾಣಕೋಣದಲ್ಲಿ ಸಿಕ್ಕ ಬೆರಳನ್ನು ಕಲಬುರಗಿಯ ಬೆರಳಿಗೆ ಹೋಲಿಸಬಹುದು. ಹತಾರದ ಅಚ್ಚಿಗೂ ಗಡಿ ಜಿಲ್ಲೆಗಳ ಮಟ್ಟಿಗಾದರೂ ಅಂಥದೊಂದು ಬೇಕು. ಕಾರವಾರ, ಬೆಳಗಾವಿ, ದಕ್ಷಿಣ ಗೋವಾ, ಉತ್ತರ ಗೋವಾ, ಸಿಂಧುದುರ್ಗ ಇಷ್ಟೇ ಸಾಕು. ಒಂದೇ ಹಾರೆ ಸಾವಂತವಾಡಿಯಲ್ಲಿ ಗುಡಿ ಒಡೆದು, ಮಾಪ್ಸಾದಲ್ಲಿ ಅಂಗಡಿ ಒಡೆದು, ಕಾರವಾರದಲ್ಲಿ ಮನೆ ಒಡೆದರೆ ಈ ಮೂರು ಅಚ್ಚನ್ನು ಪಕ್ಕಪಕ್ಕ ಇಟ್ಟು ನೋಡುವವರು ಯಾರು? ಮೂರು ಠಾಣೆಯ ಮೂರು ಕಪಾಟಿನಲ್ಲಿ ಬಿದ್ದಿರುತ್ತವೆ, ಅದೂ ತೆಗೆದಿದ್ದರೆ.

ಓದುಗರು ಮಾಡಬಹುದಾದದ್ದೂ ಇದೆ. ಕಳ್ಳತನವಾದಾಗ ಮುರಿದ ಭಾಗವನ್ನು ಮುಟ್ಟದೆ, ಮಳೆ ಬರುತ್ತಿದ್ದರೆ ಗುರುತಿಗೆ ತಾಗದಂತೆ ಮೇಲೊಂದು ತಾಡಪತ್ರಿ ಮರೆ ಮಾಡಿ ಕಾಯಿರಿ. ರಾತ್ರಿ ಕಾವಲಿಗೆ ಒಬ್ಬ ಆಳು ಇಟ್ಟರೂ ಹೊಸ ಶಟರಿನ ಖರ್ಚಿಗಿಂತ ಕಡಿಮೆ. ಅಚ್ಚು ತೆಗೆಸಿ, ಇಲ್ಲವೇ ಕೊಂಡಿಯನ್ನೇ ಸೀಲು ಮಾಡಿ ಒಯ್ಯಿರಿ ಅಂತ ಲಿಖಿತದಲ್ಲಿ ಕೊಡಿ. ‘ಇದು ನಮ್ಮ ಹದ್ದಲ್ಲ’ ಅಂತ ಠಾಣೆಯವರು ಹೇಳುವಂತಿಲ್ಲ, 173ನೇ ಕಲಮಿನಂತೆ ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು ತೊಂಬತ್ತು ದಿನದೊಳಗೆ ದೂರುದಾರನಿಗೆ ತಿಳಿಸಬೇಕೆಂದು 193ನೇ ಕಲಮು ಹೇಳುತ್ತದೆ. ಕೇಳಲು ಸಂಕೋಚ ಬೇಡ. ಇನ್ನು ನಿಮ್ಮನ್ನು ಪಂಚರಾಗಿ ಕರೆದರೆ, ‘ನಮಗ್ಯಾಕ್ರೀ ಈ ಉಸಾಬರಿ’ ಅಂತ ಹಿಂದೆ ಸರಿಯಬೇಡಿ. ಹೋಗಿ, ಅಚ್ಚಿನ ಲಕೋಟೆಗೆ ನಿಮ್ಮ ಮುಂದೆಯೇ ಅರಗು ಹಾಕಿದರೋ, ಚೀಟಿಯಲ್ಲಿ ಜಾಗ, ತಾರೀಖು, ಹೊತ್ತು ಬರೆದರೋ ನೋಡಿ, ಆಮೇಲೆ ರುಜು ಮಾಡಿ.

ರುಜು ಮಾಡುವ ಕಾಗದ ಯಾವ ಭಾಷೆಯಲ್ಲಿದೆ ಎಂಬ ತಕರಾರು ಉಳಿದಿದೆ. ಗೋವೆಯ ಅಧಿಕೃತ ಭಾಷೆ ದೇವನಾಗರಿಯ ಕೊಂಕಣಿ, ಮರಾಠಿಗೂ ಅಲ್ಲಿ ಜಾಗವುಂಟು, ಠಾಣೆಯ ಬರವಣಿಗೆ ಬಹಳಷ್ಟು ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲವನು ಅದರ ಕೆಳಗೆ ಹೆಬ್ಬೆಟ್ಟು ಒತ್ತುವಾಗ ತಾನು ಸಾಕ್ಷಿಯೋ ಆರೋಪಿಯೋ ಅನ್ನುವುದೂ ಅವನಿಗೆ ಗೊತ್ತಿರುವುದಿಲ್ಲ. ಬಂದೋಬಸ್ತಿಗೆ, ಚುನಾವಣೆ ಕಾಲದಲ್ಲಿ ದಾರೂ ಸಾಗಾಟ ತಡೆಯಲಿಕ್ಕೆ ಎರಡೂ ರಾಜ್ಯದ ಅಧಿಕಾರಿಗಳು ಗಡಿಯಲ್ಲಿ ಕೂತು ಮಾತಾಡುತ್ತಾರೆ. ಮುಂದಿನ ಸಲ ಕೂತಾಗ ಎರಡು ವಿಷಯ ಸೇರಿಸಿಕೊಳ್ಳಲಿ: ಪಂಚನಾಮೆಯ ಸಾರವನ್ನು ರುಜು ಹಾಕುವವನಿಗೆ ಅವನ ಭಾಷೆಯಲ್ಲಿ ಓದಿ ಹೇಳಿ, ಅದನ್ನೂ ಅದೇ ವಿಡಿಯೊದಲ್ಲಿ ದಾಖಲಿಸುವುದು, ಮತ್ತು ಪೋಳೆಂ, ಮೊಲೆಂ, ಕೇರಿ, ಅನಮೋಡದ ಸುತ್ತಿನ ಪ್ರತಿ ಠಾಣೆಯಲ್ಲಿ ಎರಡು ಡಬ್ಬಿ ಪುಟ್ಟಿ, ಒಂದು ಅಳತೆಪಟ್ಟಿ, ಅದನ್ನು ನಾದಲು ಕಲಿತ ಒಬ್ಬ ಪೇದೆ.